ಹದಿನೈದು ಬೈ ಮೂವತ್ತೆರಡು

ನಮ್ಮ ವರ್ಕ್‌ಶಾಪಿನಲ್ಲಿ ಅವಳಿಗೆ ಕಿಟಕಿ ಅಕ್ಕ ಎಂಬ ಹೆಸರು ಬಿದ್ದದ್ದು ಅವಳ ನಲವತ್ತೊಂದನೇ ವಯಸ್ಸಿನಲ್ಲಿ. ಅದಕ್ಕೂ ಮುಂಚೆ ಹದಿನಾರು ವರ್ಷ ಅವಳು ಬರೀ ಅಕ್ಕ. ಲೇತ್‌ಗಳ ಕೆಳಗೆ ಸುರುಳಿಸುರುಳಿಯಾಗಿ ಬೀಳುವ ಕಬ್ಬಿಣದ ಸಿಪ್ಪೆ ಗುಡಿಸುವುದು, ಎಣ್ಣೆ ಚೆಲ್ಲಿದ ಕಡೆ ಮರದ ಹೊಟ್ಟು ಉದುರಿಸುವುದು, ಸಂಜೆ ಮೇಜುಗಳನ್ನು ಒರೆಸಿ ಬಿದ್ದ ಉಪಕರಣಗಳನ್ನು ಸ್ಟೋರಿಗೆ ಒಪ್ಪಿಸುವುದು, ಇಷ್ಟು ಅವಳ ಕೆಲಸ. ನಾನು ಮೂರನೇ ಲೇತ್‌ನವನು. ನನ್ನ ಕಾಲಡಿಯ ಸಿಪ್ಪೆಯನ್ನು ಅವಳು ಎಷ್ಟು ಸಲ ಎತ್ತಿದ್ದಾಳೋ ಲೆಕ್ಕವಿಲ್ಲ. ಈ ಕಥೆಯ ಹೆಚ್ಚಿನ ಭಾಗ ಅವಳೇ ನನಗೆ ಹೇಳಿದ್ದು. ಉಳಿದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಸ್ಟೋರ್ ನೋಡಿಕೊಳ್ಳುತ್ತಿದ್ದ ಮುದುಕರಿಗೆ ಒಂದು ದಿನ ಊಟದ ಹೊತ್ತಿನಲ್ಲಿ ಲಕ್ವ ಹೊಡೆಯಿತು. ಎಡಗೈ ಎಡಗಾಲು ಬಿದ್ದುಹೋದವು. ಮಾರನೇ ದಿನ ಸ್ಟೋರಿನ ಕಿಟಕಿಯ ಮುಂದೆ ಹತ್ತು ಜನ ನಿಂತಿದ್ದೆವು, ಒಳಗೆ ಯಾವುದು ಎಲ್ಲಿದೆ ಎಂದು ಒಬ್ಬರಿಗೂ ಗೊತ್ತಿಲ್ಲ. ಮುದುಕರು ತೂತು ಕೊರೆಯುವ ಡ್ರಿಲ್ ಬಿಟ್‌ಗಳನ್ನು ಅಳತೆಯ ಕ್ರಮದಲ್ಲಿ ಜೋಡಿಸಿದವರಲ್ಲ. ಫಿಟ್ಟರ್‌ಗಳು ಹೆಚ್ಚು ಕೇಳುವವು ಕೈಗೆ ಸಿಗುವಲ್ಲಿ, ವರ್ಷಕ್ಕೊಮ್ಮೆ ಬೇಕಾದವು ಮೇಲಿನ ಮೂಲೆಯಲ್ಲಿ, ಅವರ ಅನುಕೂಲಕ್ಕೆ ತಕ್ಕ ಹಾಗೆ. ಗೊತ್ತಿದ್ದದ್ದು ಅಕ್ಕನಿಗೆ ಮಾತ್ರ. ಹದಿನಾರು ವರ್ಷ ಸಂಜೆ ಸಂಜೆ ಅವನ್ನೆಲ್ಲ ಒರೆಸಿ ಮರದ ಹಲಗೆಯಲ್ಲಿ ಅದದರ ತೂತಿಗೆ ಸಿಕ್ಕಿಸಿದವಳು ಅವಳೇ.

ಫೋರ್‌ಮನ್ ಅವಳ ಕೈಯಿಂದ ಪೊರಕೆ ತೆಗೆದು ಗೋಡೆಗೆ ಒರಗಿಸಿದರು. "ಬಾಮ್ಮ, ಒಳಗೆ ಕೂತ್ಕೋ. ಚೀಟಿ ತಗೋ, ಸಾಮಾನು ಕೊಡು, ರಿಜಿಸ್ಟರ್‌ನಲ್ಲಿ ಬರಿ. ಓದೋಕೆ ಬರುತ್ತಲ್ಲ?"

"ಬರುತ್ತೆ ಸಾರ್," ಅಂದಳು. ಅಕ್ಷರ ಓದಲು ಬರುತ್ತಿತ್ತು, ಅಂಕಿ ಓದಲೂ ಬರುತ್ತಿತ್ತು. ಆದರೆ ಒಂದರ ತಲೆಯ ಮೇಲೆ ಒಂದು ಕೂತ ಅಂಕಿಗಳೆಂದರೆ ಅವಳ ಎದೆ ಹಾರುತ್ತಿತ್ತು. ನಾಲ್ಕನೇ ಕ್ಲಾಸಿನಲ್ಲಿ ಭಿನ್ನರಾಶಿ ಶುರುವಾದ ವಾರವೇ ಅವಳಿಗೆ ಮಂಗನಬಾವು ಬಂದಿತ್ತು. ಕೆನ್ನೆ ಇಳಿದು ಸ್ಕೂಲಿಗೆ ಹೋಗುವಷ್ಟರಲ್ಲಿ ಪಾಠ ಮುಗಿದು ಎಲ್ಲರೂ ಮುಂದಕ್ಕೆ ಹೋಗಿಬಿಟ್ಟಿದ್ದರು. ಕಾಲು ದೊಡ್ಡದೋ ಅರೆಕಾಲು ದೊಡ್ಡದೋ ಎಂದು ಬಾಯಲ್ಲಿ ಕೇಳಿದರೆ ಥಟ್ಟನೆ ಹೇಳುವಳು. ಅದನ್ನೇ ಒಂದು ಬೈ ನಾಲ್ಕು, ಒಂದು ಬೈ ಎಂಟು ಎಂದು ಬರೆದು ತೋರಿಸಿದರೆ, ಎಂಟು ದೊಡ್ಡದಲ್ಲವೇ ಎಂದು ಕಣ್ಣು ಅತ್ತಲೇ ಜಾರುತ್ತಿತ್ತು.

ಆದರೂ ಎರಡು ವರ್ಷ ಯಾರಿಗೂ ಗೊತ್ತಾಗದ ಹಾಗೆ ನಡೆಸಿಕೊಂಡು ಹೋದಳು. ಚೀಟಿಯಲ್ಲಿ 3/8 ಎಂದಿದ್ದರೆ ಅವಳಿಗೆ ಅದು ಅಳತೆಯಲ್ಲ, ಒಂದು ಮನೆಯ ವಿಳಾಸ. ಎರಡನೇ ಸಾಲು, ಬಲದಿಂದ ಐದನೆಯ ತೂತು. ಕೈ ತಾನಾಗಿ ಅಲ್ಲಿಗೆ ಹೋಗುತ್ತಿತ್ತು. ಹೆದರಿಕೆ ಮಾತ್ರ ದಿನಾ ಬೆಳಿಗ್ಗೆ ಕಿಟಕಿಯ ಬಾಗಿಲು ತೆಗೆಯುವಾಗ ಜೊತೆಗೇ ಬರುತ್ತಿತ್ತು. ಸಂಜೆ ಬೀಗ ಹಾಕಿದ ಮೇಲೆಯೇ ಅವಳು ಸರಿಯಾಗಿ ಉಸಿರು ಬಿಡುತ್ತಿದ್ದದ್ದು.

ಸ್ಟೋರಿನಲ್ಲಿ ಒಂದು ಹಳೆಯ ನಿಯಮವಿತ್ತು. ಕೇಳಿದ ಬಿಟ್ ಇಲ್ಲದಿದ್ದರೆ ಒಂದು ಮೆಟ್ಟಿಲು ಚಿಕ್ಕದನ್ನು ಕೊಡಬೇಕು, ದೊಡ್ಡದನ್ನು ಯಾವತ್ತೂ ಕೊಡಬಾರದು. ಚಿಕ್ಕ ತೂತನ್ನು ಆಮೇಲೆ ದೊಡ್ಡದು ಮಾಡಬಹುದು, ದೊಡ್ಡದಾದ ತೂತನ್ನು ಚಿಕ್ಕದು ಮಾಡಲು ಯಾರಿಂದಲೂ ಆಗದು. ಮುದುಕರು ಇದನ್ನು ಹೇಳುವಾಗ ಅವಳು ನೂರು ಸಲ ಕೇಳಿಸಿಕೊಂಡಿದ್ದಳು.

ಒಂದು ಮಂಗಳವಾರ ಬೆಳಿಗ್ಗೆ ಕಿಟಕಿಯ ಮುಂದೆ ಆರು ಜನ ಒಟ್ಟಿಗೇ ನಿಂತಿದ್ದರು. ಎಲ್ಲರಿಗಿಂತ ಮುಂದೆ ಕೈ ಚಾಚಿದವನು ಎಕ್ಸ್‌ಪ್ರೆಸ್. ಅವನು ಒಳ್ಳೆಯ ಫಿಟ್ಟರ್, ಆದರೆ ಟೀಯನ್ನೂ ನಿಂತೇ ಕುಡಿಯುವ ಪೈಕಿ. ನಿಲ್ದಾಣದಲ್ಲಿ ನಿಲ್ಲದ ರೈಲು ಎಂದು ನಾವು ಆ ಹೆಸರಿಟ್ಟಿದ್ದೆವು.

"ಅಕ್ಕಾ, ಬೇಗ ಕೊಡು. ಲಾಂಡ್ರಿ ಮೆಷಿನ್ನಿಂದು. ಶನಿವಾರ ಕೂರಿಸಲೇಬೇಕು."

ಚೀಟಿಯಲ್ಲಿ 27/64 ಎಂದಿತ್ತು. ಕೈ ಅದರ ತೂತಿಗೆ ಹೋಯಿತು, ತೂತು ಖಾಲಿ. ಆ ಬಿಟ್ ಮೊಂಡಾಗಿ ಹಿಂದಿನ ದಿನವೇ ಸಾಣೆಗೆ ಹೋಗಿತ್ತು. ಒಂದು ಮೆಟ್ಟಿಲು ಚಿಕ್ಕದು ಯಾವುದು? ಹಿಂದಿನಿಂದ ಯಾರೋ, "ಏನಕ್ಕಾ, ಒಳಗೇ ತಯಾರು ಮಾಡ್ತಿದ್ದೀಯಾ?" ಎಂದು ನಗೆಯಾಡಿದರು. ಅವಳ ಕಣ್ಣಿಗೆ 15/32 ಕಂಡಿತು. ಹದಿನೈದು ಇಪ್ಪತ್ತೇಳಕ್ಕಿಂತ ಕಮ್ಮಿ. ಮೂವತ್ತೆರಡು ಅರವತ್ನಾಲ್ಕಕ್ಕಿಂತ ಕಮ್ಮಿ. ಮೇಲೂ ಕಮ್ಮಿ, ಕೆಳಗೂ ಕಮ್ಮಿ. ಇದಕ್ಕಿಂತ ಚಿಕ್ಕದು ಇನ್ನೆಂಥದ್ದು ಬೇಕು? ತೆಗೆದು ಅವನ ಅಂಗೈಗೆ ಹಾಕಿದಳು. ಬದಲಿ ಕೊಟ್ಟಿದ್ದೇನೆ ಎಂದು ಹೇಳುವಷ್ಟರಲ್ಲಿ ಎಕ್ಸ್‌ಪ್ರೆಸ್ ಹೊರಟುಬಿಟ್ಟಿದ್ದ. ರಿಜಿಸ್ಟರ್‌ನಲ್ಲಿ ಮಾತ್ರ ಇದ್ದದ್ದನ್ನು ಇದ್ದ ಹಾಗೆ ಬರೆದಳು: ಕೇಳಿದ್ದು 27/64, ಇಲ್ಲ, ಕೊಟ್ಟಿದ್ದು 15/32.

ಸಂಜೆ ಬಿಟ್ ವಾಪಸ್ ತಂದವನು ಖುಷಿಯಲ್ಲಿದ್ದ. "ಇವತ್ತು ಟ್ಯಾಪ್ ಬೆಣ್ಣೆಗೆ ಚಾಕು ಹಾಕಿದ ಹಾಗೆ ಹೋಯ್ತು ನೋಡಕ್ಕ!" ಟ್ಯಾಪ್ ಎಂದರೆ ಕೊರೆದ ತೂತಿನ ಒಳಗೋಡೆಗೆ ಬೋಲ್ಟು ಕಚ್ಚಿಕೊಳ್ಳುವ ಸುತ್ತುಗೆರೆ, ಅಂದರೆ ಥ್ರೆಡ್, ಕೆತ್ತುವ ಸಾಧನ. ಅದಕ್ಕೆ ಯಾವಾಗಲೂ ಎರಡು ಕೈಯ ಬಲ ಬೇಕು. ಅಕ್ಕನೂ ನಕ್ಕಳು. ಆ ಮಾತು ಅಲ್ಲಿಗೆ ಮುಗಿಯಿತು.

ಶನಿವಾರ ಮಧ್ಯಾಹ್ನ ಸ್ಟೋರಿಗೆ ಹೊಸ ಸ್ಟೀಲ್ ಸ್ಟ್ಯಾಂಡ್ ಬಂತು. ಎಕ್ಸ್‌ಪ್ರೆಸ್ ಲಾಂಡ್ರಿಯಲ್ಲಿದ್ದ. ನಾವು ನಾಲ್ಕು ಜನ ಸೇರಿ ಹಳೆಯ ಮರದ ಹಲಗೆಯನ್ನು ಕಿತ್ತೆವು. ಬಿಟ್‌ಗಳೆಲ್ಲ ಒಂದು ಟ್ರೇಯಲ್ಲಿ ರಾಶಿ ಬಿದ್ದವು. ಅವುಗಳ ಜೊತೆಗೇ ಅಕ್ಕನ ಎರಡು ವರ್ಷದ ವಿಳಾಸಗಳೂ ರಾಶಿ ಬಿದ್ದವು ಎಂದು ಆಗ ನಮಗೇನು ಗೊತ್ತು?

"ಸೋಮವಾರ ಮಧ್ಯಾಹ್ನದೊಳಗೆ ಚಿಕ್ಕದರಿಂದ ದೊಡ್ಡದಕ್ಕೆ ಸಾಲಾಗಿ ಜೋಡಿಸಿಬಿಡು," ಎಂದರು ಫೋರ್‌ಮನ್. "ಇನ್ಮೇಲೆ ಯಾರು ಬಂದು ನೋಡಿದ್ರೂ ಗೊತ್ತಾಗ್ಬೇಕು. ಅದರಲ್ಲೇನಿದೆ ಕಷ್ಟ? ಮೇಲೆ ನಂಬರ್ ಇದ್ದೇ ಇದೆಯಲ್ಲ."

ತೀರಾ ಸಣ್ಣವು, ತೀರಾ ದಪ್ಪನವು ಕಣ್ಣಿಗೇ ತಿಳಿಯುತ್ತಿದ್ದವು. ತೊಂದರೆ ಇದ್ದದ್ದು ಕಾಲು ಇಂಚಿನಿಂದ ಅರ್ಧ ಇಂಚಿನವರೆಗಿನ, ಸಾಣೆಯಿಂದ ವಾಪಸ್ ಬಂದದ್ದೂ ಸೇರಿ, ಹದಿನೇಳು ಬಿಟ್‌ಗಳದು. ಒಂದಕ್ಕೂ ಇನ್ನೊಂದಕ್ಕೂ ಕೂದಲೆಳೆಯಷ್ಟು ವ್ಯತ್ಯಾಸ. ಬೆರಳುಗಳ ನಡುವೆ ಹೊರಳಿಸಿ ನೋಡಿದಳು, ಸಮ ಮಾಡಿ ನಿಲ್ಲಿಸಿ ನೋಡಿದಳು, ಒಂದು ಸಲ ಬಂದ ಸಾಲು ಇನ್ನೊಂದು ಸಲ ಬರಲಿಲ್ಲ. ಕೊನೆಗೆ ಹದಿನೇಳರ ಅಳತೆಯನ್ನೂ ಒಂದು ಚೀಟಿಯಲ್ಲಿ ಬರೆದುಕೊಂಡು ರವಿಕೆಯೊಳಗೆ ಸಿಕ್ಕಿಸಿಕೊಂಡು ಮನೆಗೆ ಹೋದಳು.

ಮನೆಯಲ್ಲಿ ಇದ್ದದ್ದು ಅವಳು ಮತ್ತು ಅವಳ ಅತ್ತೆ. ಗಂಡ ಲಾರಿ ಡ್ರೈವರ್, ತಿಂಗಳಿಗೆ ಐದು ದಿನ ಮನೆಯಲ್ಲಿದ್ದರೆ ಹೆಚ್ಚು. ಅತ್ತೆಗೆ ಎಪ್ಪತ್ತನಾಲ್ಕು. ನಲವತ್ತು ವರ್ಷ ಬಟ್ಟೆ ಹೊಲಿದವಳು. ಕಣ್ಣು ಮಸುಕಾದ ಮೇಲೆ ಮೆಷಿನ್ ಮುಚ್ಚಿಟ್ಟಿದ್ದಳು, ನಾಲಿಗೆಯನ್ನು ಮಾತ್ರ ಮುಚ್ಚಿಟ್ಟಿರಲಿಲ್ಲ. ಅವಳ ಮುಂದೆ ಗೊತ್ತಿಲ್ಲ ಎನ್ನುವುದು ಸೊಸೆಗೆ ಎಲ್ಲಕ್ಕಿಂತ ಕಷ್ಟದ ಕೆಲಸ. ಭಾನುವಾರ ಮಧ್ಯಾಹ್ನ ಊಟ ಮುಗಿದು ಪಾತ್ರೆ ತೊಳೆದಾದ ಮೇಲೂ ಮೂರು ಸಲ ಅಡುಗೆಮನೆ ಬಾಗಿಲಿಗೆ ಬಂದು ಹಿಂದಕ್ಕೆ ಹೋದಳು.

"ಏನೇ ಅದು, ಬಾಲ ಸುಟ್ಟ ಬೆಕ್ಕಿನ ಥರ ಓಡಾಡ್ತಿದ್ದೀಯ?" ಎಂದಳು ಅತ್ತೆ ಮಂಚದ ಮೇಲಿಂದ.

ಸೊಸೆ ಚೀಟಿ ಮುಂದಿಟ್ಟಳು. ಎಲ್ಲ ಹೇಳಿದಳು. ಎರಡು ವರ್ಷದಿಂದ ವಿಳಾಸ ನೋಡಿ ಕೊಡುತ್ತಿದ್ದದ್ದು, ಈಗ ವಿಳಾಸವೇ ಇಲ್ಲದ್ದು, ನಾಳೆ ಮಧ್ಯಾಹ್ನ ಮತ್ತೆ ಪೊರಕೆ ಕೈಗೆ ಬರುವುದು. ಅತ್ತೆ ನಗಲಿಲ್ಲ. ಗೋಡೆಯ ಮೊಳೆಯಲ್ಲಿದ್ದ ಅಳತೆ ಟೇಪನ್ನು ತರಿಸಿ ತೊಡೆಯ ಮೇಲೆ ಹರಡಿದಳು.

"ಇಲ್ಲಿ ಹೇಳು. ಮೂರು ಬೈ ಎಂಟು ದೊಡ್ಡದೋ, ಐದು ಬೈ ಹದಿನಾರು ದೊಡ್ಡದೋ?"

"ಐದು... ಐದು ಬೈ ಹದಿನಾರು ಅಲ್ವಾ ಅತ್ತೆ?"

"ಹಾಗೆ ಹೊಲಿದಿದ್ರೆ ಊರವರ ರವಿಕೆಯೆಲ್ಲ ಕಂಕುಳಲ್ಲಿ ಹರೀತಿತ್ತು. ನೋಡಿಲ್ಲಿ. ಈ ಒಂದಿಂಚನ್ನ ಎಂಟು ತುಂಡು ಮಾಡಿದ್ರೆ ಇಷ್ಟಿಷ್ಟು ದಪ್ಪ ತುಂಡು. ಅಂಥವು ಮೂರು. ಹದಿನಾರು ಮಾಡಿದ್ರೆ ತುಂಡು ಅದರ ಅರ್ಧ ಆಗ್ಹೋಯ್ತು. ಅಂಥವು ಐದು. ಒಂದ್ಕಡೆ ದೊಡ್ಡ ತುಂಡು, ಇನ್ನೊಂದ್ಕಡೆ ಸಣ್ಣ ತುಂಡು, ಎರಡನ್ನೂ ಎಣಿಸಿ ಯಾವುದು ಜಾಸ್ತಿ ಅಂದ್ರೆ ಏನಂತ ಹೇಳ್ತೀಯ? ಮೊದಲು ಎರಡನ್ನೂ ಒಂದೇ ತುಂಡಿಗೆ ತಾ. ಎಂಟರ ತುಂಡನ್ನ ಒಂದೊಂದನ್ನೂ ಎರಡು ಮಾಡು."

"ಮೂರು ತುಂಡು ಆರಾಗುತ್ತೆ."

"ಯಾವುದರ ಆರು?"

"ಹದಿನಾರರ... ಆರು ಬೈ ಹದಿನಾರು."

"ಈಗ ಎಣಿಸು. ಆರೋ ಐದೋ?"

"ಆರು," ಎಂದಳು ಸೊಸೆ ಟೇಪನ್ನೇ ನೋಡುತ್ತ. ಟೇಪಿನಲ್ಲಿ ಹದಿನಾರಕ್ಕಿಂತ ಸಣ್ಣ ಗೆರೆ ಇರಲಿಲ್ಲ, ಚೀಟಿಯಲ್ಲಿ ಮಾತ್ರ ಮೂವತ್ತೆರಡು ಇತ್ತು, ಅರವತ್ನಾಲ್ಕೂ ಇತ್ತು. ಅತ್ತೆ ಅಂದಳು, "ಗೆರೆ ಯಾಕೆ ಬೇಕು? ಎಲ್ಲಕ್ಕಿಂತ ಸಣ್ಣ ತುಂಡು ಯಾವುದು ನಿನ್ನ ಪಟ್ಟೀಲಿ? ಅರವತ್ನಾಲ್ಕು ತಾನೆ? ಎಲ್ಲವನ್ನೂ ಅದಕ್ಕೇ ತಂದುಬಿಡು. ನಾಲ್ಕನ್ನ ಎಷ್ಟು ಸಲ ಮಾಡಿದ್ರೆ ಅರವತ್ನಾಲ್ಕು? ಕೆಳಗೆ ಎಷ್ಟು ಸಲ ಮಾಡಿದ್ಯೋ ಮೇಲೂ ಅಷ್ಟೇ ಸಲ ಮಾಡು. ಮೇಲೆ ಬಿಟ್ಟು ಕೆಳಗೆ ಮಾಡಿದ್ರೆ ಮೋಸ."

ನೆಲದ ಮೇಲೆ ಕೂತು ಬರೆಯಲು ಶುರು ಮಾಡಿದಳು. ಒಂದು ಬೈ ನಾಲ್ಕು, ಹದಿನಾರು ಸಲ, ಹದಿನಾರು ಬೈ ಅರವತ್ನಾಲ್ಕು. ಮೂರು ಬೈ ಎಂಟು, ಎಂಟು ಸಲ, ಇಪ್ಪತ್ತನಾಲ್ಕು. ಐದು ಬೈ ಹದಿನಾರು, ನಾಲ್ಕು ಸಲ, ಇಪ್ಪತ್ತು. ಹದಿಮೂರು ಬೈ ಮೂವತ್ತೆರಡು, ಎರಡು ಸಲ, ಇಪ್ಪತ್ತಾರು. ಅರ್ಧ, ಮೂವತ್ತೆರಡು ಸಲ, ಮೂವತ್ತೆರಡು. ಕೆಳಗಿನ ಸಂಖ್ಯೆ ಎಲ್ಲಕ್ಕೂ ಒಂದೇ ಆದ ಮೇಲೆ ಅದನ್ನು ನೋಡುವ ಗೊಡವೆಯೇ ಇಲ್ಲ. ಮೇಲಿನವನ್ನು ಸಾಲಾಗಿಟ್ಟರೆ ಹದಿನಾರು, ಹದಿನೇಳು, ಹದಿನೆಂಟು, ಒಂದೂ ತಪ್ಪದೆ ಮೂವತ್ತೆರಡರವರೆಗೆ ಹದಿನೇಳು ಬಿಟ್‌ಗಳು ತರಗತಿಯ ಮಕ್ಕಳ ಹಾಗೆ ನಿಂತುಬಿಟ್ಟವು. ಅವಳಿಗೆ ಒಂದು ಕ್ಷಣ ನಗು ಬಂತು. ಇಷ್ಟೇನಾ? ಇಷ್ಟಕ್ಕೇನಾ ನಾನು ಹೆದರಿ ಸತ್ತದ್ದು?

ಆ ನಗು ಹೆಚ್ಚು ಹೊತ್ತು ಉಳಿಯಲಿಲ್ಲ. ಇಪ್ಪತ್ತೇಳರ ಮೇಲೆ ಬೆರಳಿಟ್ಟು ಓದುತ್ತಿದ್ದಳು. ಇಪ್ಪತ್ತೇಳು ಬೈ ಅರವತ್ನಾಲ್ಕು. ಆಮೇಲೆ ಇಪ್ಪತ್ತೆಂಟು, ಅದು ಏಳು ಬೈ ಹದಿನಾರು. ಇಪ್ಪತ್ತೊಂಬತ್ತು. ಮೂವತ್ತು. ಮೂವತ್ತರ ಪಕ್ಕದಲ್ಲಿ ಅವಳದೇ ಅಕ್ಷರದಲ್ಲಿ 15/32 ಎಂದಿತ್ತು.

ಮಂಗಳವಾರ ಕೊಟ್ಟದ್ದು ಅದನ್ನೇ. ಒಂದು ಮೆಟ್ಟಿಲು ಚಿಕ್ಕದಲ್ಲ, ಮೂರು ಮೆಟ್ಟಿಲು ದೊಡ್ಡದು.

ಬೆಣ್ಣೆಗೆ ಚಾಕು ಹಾಕಿದ ಹಾಗೆ ಹೋಯ್ತು ಎಂದಿದ್ದ ಎಕ್ಸ್‌ಪ್ರೆಸ್. ಹೋಗದೆ ಏನು? ತೂತು ಅಗಲವಾಗಿದ್ದರೆ ಟ್ಯಾಪಿಗೆ ಕೆತ್ತಲು ಏನೂ ಸಿಗದು. ಥ್ರೆಡ್ ಗೀರಿದಷ್ಟು ತೆಳ್ಳಗೆ ಬೀಳುತ್ತದೆ. ಬೋಲ್ಟು ಸಲೀಸಾಗಿ ಒಳಗೆ ಹೋಗುತ್ತದೆ, ಬಿಗಿಯಾದ ಹಾಗೆ ತೋರುತ್ತದೆ, ಭಾರ ಬಿದ್ದಾಗ ಕಿತ್ತು ಬರುತ್ತದೆ. ಹದಿನೆಂಟು ವರ್ಷ ಆ ಶೆಡ್ಡಿನಲ್ಲಿ ಕಿವಿ ತೆರೆದುಕೊಂಡೇ ಇದ್ದವಳಿಗೆ ಇಷ್ಟು ಗೊತ್ತಿತ್ತು. ಎಕ್ಸ್‌ಪ್ರೆಸ್ ಆ ತೂತುಗಳಿಗೆ ಹಾಕಿದ ನಾಲ್ಕು ಅರ್ಧ ಇಂಚಿನ ಬೋಲ್ಟುಗಳು ಹಿಡಿದುಕೊಂಡಿದ್ದದ್ದು ಲಾಂಡ್ರಿಯ ಬಟ್ಟೆ ಹಿಂಡುವ ಯಂತ್ರದ ಬೇರಿಂಗನ್ನು. ಒದ್ದೆ ಹಾಸಿಗೆ ಬಟ್ಟೆ ತುಂಬಿದ ಆಳೆತ್ತರದ ಉಕ್ಕಿನ ಡ್ರಮ್ಮು ಆ ಬೇರಿಂಗಿನ ಮೇಲೆ ನಿಮಿಷಕ್ಕೆ ನೂರಾರು ಸುತ್ತು ತಿರುಗುತ್ತದೆ. ಅದರ ಬಾಯಿಯ ಮುಂದೆ ದಿನವಿಡೀ ಇಬ್ಬರು ಹೆಂಗಸರು ನಿಂತಿರುತ್ತಾರೆ. ಭಾನುವಾರ ಬಾಯ್ಲರ್ ತೊಳೆಯುವ ಕೆಲಸವಿದೆ, ಅದಕ್ಕೆ ಯಂತ್ರ ಚಾಲೂ ಮಾಡುವುದು ಸೋಮವಾರ ಬೆಳಿಗ್ಗೆ ಏಳಕ್ಕೆ ಎಂದು ಎಕ್ಸ್‌ಪ್ರೆಸ್ ಹೇಳಿದ್ದು ನೆನಪಾಯಿತು. ನಮ್ಮ ವರ್ಕ್‌ಶಾಪ್ ತೆರೆಯುವುದು ಎಂಟಕ್ಕೆ.

ಫೋರ್‌ಮನ್‌ಗೆ ಫೋನ್ ಮಾಡಿದಳು. ಆಫ್ ಆಗಿತ್ತು. ಭಾನುವಾರ ನಾನು ಸತ್ತೆ ಅಂದ್ಕೊಳ್ಳಿ ಎಂದು ಅವರು ಎಲ್ಲರಿಗೂ ಹೇಳಿಟ್ಟಿದ್ದರು. ಎಕ್ಸ್‌ಪ್ರೆಸ್‌ನ ನಂಬರ್ ಅವಳ ಹತ್ತಿರ ಇರಲಿಲ್ಲ. ಲಾಂಡ್ರಿಯ ನಂಬರ್ ಹಳೆಯ ಬಿಲ್ಲಿನಲ್ಲಿ ಸಿಕ್ಕಿತು. ಅದು ಖಾಲಿ ಆಫೀಸಿನಲ್ಲಿ ಬಡಿದುಕೊಂಡು ಬಡಿದುಕೊಂಡು ಸುಮ್ಮನಾಯಿತು.

"ಲೆಕ್ಕ ತಪ್ಪಿರಬಹುದಲ್ವಾ ಅತ್ತೆ?" ಎಂದಳು. "ನಾನು ಮಾಡಿದ್ದಲ್ವಾ. ತಪ್ಪೇ ಇರುತ್ತೆ."

"ಮತ್ತೆ ಮಾಡು."

ಮತ್ತೆ ಮಾಡಿದಳು. ಮೂವತ್ತೆರಡರ ತುಂಡು ಒಂದೊಂದನ್ನೂ ಎರಡು ಮಾಡಿದರೆ ಅರವತ್ನಾಲ್ಕು. ಹದಿನೈದು ತುಂಡು ಎರಡೆರಡಾದರೆ ಮೂವತ್ತು. ಇನ್ನೊಂದು ದಿಕ್ಕಿನಿಂದ ನೋಡಿದಳು. ಅರ್ಧ ಇಂಚು ಎಂದರೆ ಹದಿನಾರು ಬೈ ಮೂವತ್ತೆರಡು. ಹದಿನೈದು ಎಂದರೆ ಅರ್ಧಕ್ಕೆ ಒಂದೇ ಒಂದು ತುಂಡು ಕಮ್ಮಿ. ಇಪ್ಪತ್ತೇಳು ಅರ್ಧಕ್ಕೆ ಐದು ಸಣ್ಣ ತುಂಡು ಕಮ್ಮಿ. ಅರ್ಧ ಇಂಚಿನ ಬೋಲ್ಟಿಗೆ ಹೆಚ್ಚುಕಮ್ಮಿ ಅರ್ಧ ಇಂಚಿನದೇ ತೂತು. ಯಾವ ದಿಕ್ಕಿನಿಂದ ಹೋದರೂ ಲೆಕ್ಕ ಸರಿಯೇ ಬರುತ್ತಿತ್ತು. ಜೀವನದಲ್ಲಿ ಮೊದಲ ಸಲ ಅವಳ ಲೆಕ್ಕ ಸರಿಬಂದದ್ದು, ಅದು ತಪ್ಪಾಗಲಿ ಎಂದು ಅವಳು ಬೇಡಿಕೊಳ್ಳುತ್ತಿದ್ದಳು.

ಸೋಮವಾರ ಮೊದಲ ಬಸ್ಸು ಹತ್ತಿದಳು. ಸೀಟಿನಲ್ಲಿ ಕೂತು ಟಿಕೆಟ್ಟಿನ ಹಿಂಬದಿಯಲ್ಲಿ ಮತ್ತೊಮ್ಮೆ ಬರೆದು ನೋಡಿದಳು. ಬಸ್ಸು ಎಲ್ಲ ಸ್ಟಾಪಿನಲ್ಲೂ ನಿಂತಿತು. ಒಂದು ಕಡೆ ಕಂಡಕ್ಟರ್ ಇಳಿದು ಯಾರ ಜೊತೆಗೋ ಮಾತಿಗೆ ನಿಂತಾಗ ಅವಳು ಸೀಟಿನಿಂದ ಅರ್ಧ ಎದ್ದು ಕೂತಳು. ಹೋಗಿ ಏನು ಹೇಳುವುದು? ನಿನ್ನೆ ಮಧ್ಯಾಹ್ನ ಭಿನ್ನರಾಶಿ ಕಲಿತೆ, ಅದಕ್ಕೆ ಬಂದೆ ಎನ್ನುವುದೇ? ನಗುತ್ತಾರೆ. ಹೇಳದೆ ಇದ್ದರೆ? ಯಾರಿಗೂ ಗೊತ್ತಾಗದು. ಯಂತ್ರ ಒಂದು ವಾರ ಓಡಿ ಆಮೇಲೆ ಕಿತ್ತರೆ ತಪ್ಪು ಬೋಲ್ಟಿನದು, ಎರಕದ್ದು, ಎಕ್ಸ್‌ಪ್ರೆಸ್‌ನದು. ಈ ಯೋಚನೆ ಬಂದದ್ದು ನಿಜ, ಎಂದು ಅವಳೇ ನನಗೆ ಹೇಳಿದಳು. "ಬಂತು, ಬಸ್ಸಲ್ಲೇ ಕೂತಿತ್ತು ನನ್ನ ಪಕ್ಕ. ನಾನು ಇಳಿದೆ, ಅದೂ ಇಳೀತು."

ಲಾಂಡ್ರಿ ತಲುಪಿದಾಗ ಏಳಕ್ಕೆ ಹತ್ತು ನಿಮಿಷ. ಒಳಗೆ ಹಬೆ, ಸೋಪಿನ ವಾಸನೆ. ಆರು ದಿನದ ಒದ್ದೆ ಬಟ್ಟೆ ಗಾಡಿಗಳಲ್ಲಿ ಎದೆಮಟ್ಟ ತುಂಬಿತ್ತು. ಇಬ್ಬರು ಹೆಂಗಸರು ಆಗಲೇ ಡ್ರಮ್ಮಿಗೆ ಹಾಸಿಗೆ ಬಟ್ಟೆ ತುಂಬುತ್ತಿದ್ದರು. ದಪ್ಪ ಕನ್ನಡಕದ ಮೇಲ್ವಿಚಾರಕಿ ಗಡಿಯಾರ ನೋಡುತ್ತ ನಿಂತಿದ್ದಳು.

"ಮೆಷಿನ್ ಹಾಕ್ಬೇಡಿ," ಎಂದಳು ಕಿಟಕಿ ಅಕ್ಕ. ಹಬೆಯ ಸದ್ದಿನಲ್ಲಿ ಯಾರಿಗೂ ಕೇಳಿಸಲಿಲ್ಲ. ಇನ್ನೊಮ್ಮೆ ಹೇಳಿದಳು. "ಅಮ್ಮಾ, ದಯವಿಟ್ಟು ಹಾಕ್ಬೇಡಿ. ಬೋಲ್ಟ್ ತೂತು ದೊಡ್ಡದಾಗಿದೆ."

"ನೀವ್ಯಾರು?"

"ವರ್ಕ್‌ಶಾಪಿನವಳು. ಸ್ಟೋರ್‌ನಲ್ಲಿ ಕೂರ್ತೀನಿ."

"ಫಿಟ್ಟರ್ ಶನಿವಾರ ಎಲ್ಲ ಸರಿ ಇದೆ ಅಂತ ಸೈನ್ ಹಾಕಿ ಹೋಗಿದ್ದಾರಲ್ಲ?"

"ಅವರದಲ್ಲ ತಪ್ಪು. ಬಿಟ್ ಕೊಟ್ಟವಳು ನಾನು. ಇಪ್ಪತ್ತೇಳರದ್ದು ಕೊಡೋ ಕಡೆ ಮೂವತ್ತರದ್ದು ಕೊಟ್ಟಿದ್ದೀನಿ."

ಮೇಲ್ವಿಚಾರಕಿ ಅವಳನ್ನು ಮೇಲಿಂದ ಕೆಳಗೆ ನೋಡಿದಳು. ಹಿಂದೆ ಕಾಯುತ್ತಿದ್ದ ಗಾಡಿಗಳನ್ನು ನೋಡಿದಳು. "ನಿಮ್ಮ ಫೋರ್‌ಮನ್ ಹೇಳ್ಲಿ, ನಿಲ್ಲಿಸ್ತೀನಿ. ಆರು ದಿನ ಆಯ್ತು ಕಣಮ್ಮ, ಹಾಸಿಗೆಗೆ ಹಾಕೋಕೆ ಬಟ್ಟೆ ಇಲ್ಲ ಅಂತ ಆಸ್ಪತ್ರೆಯವರು ನನ್ನ ಪ್ರಾಣ ತಿಂತಿದ್ದಾರೆ."

"ಹಾಗಾದ್ರೆ ಒಂದು ಸ್ಪ್ಯಾನರ್ ಕೊಡ್ಸಿ. ಒಂದೇ ಒಂದು ಬೋಲ್ಟ್ ಬಿಗಿ ಮಾಡಿ ನೋಡ್ಲಿ ಯಾರಾದ್ರೂ. ಬಿಗಿಯಾದ್ರೆ ನಾನು ಹೊರಟುಹೋಗ್ತೀನಿ."

ಬಾಯ್ಲರ್ ನೋಡಿಕೊಳ್ಳುವವನು ಉದ್ದ ಹಿಡಿಯ ಸ್ಪ್ಯಾನರ್ ತಂದ. ಮೊದಲನೆಯ ಬೋಲ್ಟಿಗೆ ಹಾಕಿ ಎಳೆದ, ಅಲುಗಲಿಲ್ಲ. ಎರಡನೆಯದೂ ಗಟ್ಟಿಯಾಗಿಯೇ ನಿಂತಿತು. ಅವನು ಮೇಲ್ವಿಚಾರಕಿಯ ಕಡೆ ನೋಡಿ ಭುಜ ಕುಣಿಸಿದ. ಬಟ್ಟೆ ತುಂಬುತ್ತಿದ್ದ ಹೆಂಗಸರಲ್ಲಿ ಒಬ್ಬಳು ಬಾಯಿಗೆ ಸೆರಗು ಅಡ್ಡ ಹಿಡಿದುಕೊಂಡಳು. ತಪ್ಪೇ ಆಯ್ತು, ಮತ್ತೆ ತಪ್ಪೇ ಆಯ್ತು ಎನ್ನಿಸಿತು ಕಿಟಕಿ ಅಕ್ಕನಿಗೆ. ಮೂರನೆಯದಕ್ಕೆ ಅವನು ಸ್ಪ್ಯಾನರ್ ಹಾಕಿ ಮೈಭಾರ ಬಿಟ್ಟ. ಒಳಗೆ ಕಟಕ್ ಎಂದಿತು. ಆಮೇಲೆ ಸ್ಪ್ಯಾನರ್ ಸಲೀಸಾಗಿ ಒಂದು ಸುತ್ತು ಬಂತು, ಇನ್ನೊಂದು ಸುತ್ತು ಬಂತು. ಅವನು ಕೈಯಿಂದಲೇ ಬೋಲ್ಟನ್ನು ತಿರುಗಿಸಿ ಹೊರಗೆ ಎಳೆದ. ಅದರ ಸಂದಿಯಲ್ಲಿ ತಂತಿಯಂಥ ಕಬ್ಬಿಣದ ಎಳೆ ಅಂಟಿಕೊಂಡಿತ್ತು. ಆ ತೂತಿನಲ್ಲಿ ಇದ್ದ ಥ್ರೆಡ್ ಅಷ್ಟೇ.

ಸೆರಗು ಹಿಡಿದಿದ್ದ ಹೆಂಗಸು ಡ್ರಮ್ಮಿನಿಂದ ನಾಲ್ಕು ಹೆಜ್ಜೆ ಹಿಂದಕ್ಕೆ ಸರಿದಳು. ಮೇಲ್ವಿಚಾರಕಿ ಹೋಗಿ ತಾನೇ ಮೈನ್ ಸ್ವಿಚ್ ಕೆಳಗೆ ಮಾಡಿ ಬಂದಳು. "ಕೂತ್ಕೊಳಮ್ಮ," ಎಂದು ಒಂದು ಸ್ಟೂಲ್ ಎಳೆದಳು. ಕಿಟಕಿ ಅಕ್ಕನಿಗೆ ಕೂರಲು ಆಗಲಿಲ್ಲ. ನಮ್ಮ ವರ್ಕ್‌ಶಾಪ್ ತೆರೆಯುವ ಹೊತ್ತಿಗೆ ಮೇಲ್ವಿಚಾರಕಿಯೇ ಫೋನ್ ಮಾಡಿ ವಿಷಯ ತಿಳಿಸಿದಳು.

ಫೋರ್‌ಮನ್ ಬಂದದ್ದು ಎಂಟೂವರೆಗೆ, ಹಿಂದೆಯೇ ಎಕ್ಸ್‌ಪ್ರೆಸ್ ಮತ್ತು ಸಾಮಾನು ಎತ್ತಲು ನಾನು. ಫೋರ್‌ಮನ್ ಮುಖ ಕೆಂಡವಾಗಿತ್ತು. ಬೋಲ್ಟನ್ನು ಅಂಗೈಯಲ್ಲಿ ಹೊರಳಿಸುತ್ತ, "ಯಾರು ಕೊಟ್ಟಿದ್ದು ಹದಿನೈದು ಬೈ ಮೂವತ್ತೆರಡು?" ಎಂದು ಕೇಳಿದರು.

"ನಾನೇ ಸಾರ್. ರಿಜಿಸ್ಟರ್‌ನಲ್ಲೂ ಬರೆದಿದ್ದೀನಿ."

"ದೊಡ್ಡದು ಯಾವುದು ಚಿಕ್ಕದು ಯಾವುದು ಅಂತ ಗೊತ್ತಾಗ್ದೆ ಎರಡು ವರ್ಷ ಒಳಗೆ ಕೂತಿದ್ದೆಯಾ?"

"ಹೌದು ಸಾರ್."

ಇಂಥ ಉತ್ತರ ಅವರು ನಿರೀಕ್ಷಿಸಿರಲಿಲ್ಲ. ಅಷ್ಟರಲ್ಲಿ ಎಕ್ಸ್‌ಪ್ರೆಸ್ ಮುಂದೆ ಬಂದ. "ಸಾರ್, ನಾನೂ ನೋಡ್ಬೇಕಿತ್ತು. ಟ್ಯಾಪ್ ಅಷ್ಟು ಸುಲಭವಾಗಿ ಹೋದಾಗ ಒಂದ್ಸಲ ಅನ್ನಿಸ್ತು, ಏನೋ ಸರಿ ಇಲ್ಲ ಅಂತ. ಶನಿವಾರಕ್ಕೆ ಮುಗಿಸೋ ಗಡಿಬಿಡೀಲಿ..." ಮಾತು ಮುಗಿಸಲಿಲ್ಲ. ಅವನು ಒಂದು ವಾಕ್ಯವನ್ನು ನಿಧಾನವಾಗಿ ಆಡಿದ್ದನ್ನು ನಾನು ಕೇಳಿದ್ದು ಅವತ್ತೇ.

ಫೋರ್‌ಮನ್ ಬಗ್ಗಿ ತೂತುಗಳಿಗೆ ಬೆರಳು ಹಾಕಿ ನೋಡಿದರು. ನಾಲ್ಕನ್ನೂ ಅಗಲ ಮಾಡಿ ಒಂದು ಅಳತೆ ದಪ್ಪನೆಯ ಬೋಲ್ಟು, ಒಂಬತ್ತು ಬೈ ಹದಿನಾರರದ್ದು, ಹಾಕುವುದೊಂದೇ ದಾರಿ. ಅದಕ್ಕೆ ಕೊರೆಯಬೇಕಾದ ತೂತು ಮೂವತ್ತೊಂದು ಬೈ ಅರವತ್ನಾಲ್ಕು. ಎದ್ದು ನಿಂತು ಅವಳ ಕಡೆ ತಿರುಗಿದರು. ಪರೀಕ್ಷೆ ಮಾಡುವ ದನಿಯಲ್ಲಿ ಕೇಳಿದರು:

"ಈಗಿರೋ ತೂತಿಗಿಂತ ಮೂವತ್ತೊಂದು ಬೈ ಅರವತ್ನಾಲ್ಕು ದೊಡ್ಡದೋ ಚಿಕ್ಕದೋ? ಚಿಕ್ಕದಾದ್ರೆ ಆ ಬಿಟ್ ತಂದು ಪ್ರಯೋಜನ ಇಲ್ಲ."

ಅವಳು ಟಿಕೆಟ್ ತೆಗೆಯಲಿಲ್ಲ. ತುಟಿ ಮಾತ್ರ ಅಲುಗಿತು. "ಈಗಿರೋದು ಮೂವತ್ತು ಸಾರ್. ಇದು ಮೂವತ್ತೊಂದು. ಒಂದು ತುಂಡು ಜಾಸ್ತಿ. ಕೊರೆಯೋಕೆ ಸಿಗುತ್ತೆ, ತುಂಬ ಅಲ್ಲ."

ಫೋರ್‌ಮನ್ ನಮ್ಮಿಬ್ಬರನ್ನು ಡ್ರಿಲ್ ಜೋಡಿಸಲು ಕಳಿಸಿ, ಅವಳಿಗೆ, "ಸ್ಟ್ಯಾಂಡ್ ಮಧ್ಯಾಹ್ನದೊಳಗೆ ಆಗ್ಬೇಕು ಅಂದಿದ್ದೆ," ಎಂದಷ್ಟೇ ಅಂದರು.

ಯಂತ್ರ ಸಂಜೆ ನಾಲ್ಕಕ್ಕೆ ಓಡಿತು. ಒಂದು ದಿನ ಹೆಚ್ಚು ಹೋಯಿತು. ಲಾಂಡ್ರಿಯವರು ನಮ್ಮ ಮ್ಯಾನೇಜರ್‌ಗೆ ಫೋನಿನಲ್ಲಿ ಬೈದರು, ಮ್ಯಾನೇಜರ್ ಫೋರ್‌ಮನ್‌ಗೆ ಬೈದರು. ಫೋರ್‌ಮನ್ ಯಾರಿಗೂ ಬೈಯದೆ ಎರಡು ದಿನ ಮುಖ ಊದಿಸಿಕೊಂಡಿದ್ದರು, ಅದು ಬೈಗುಳಕ್ಕಿಂತ ಕಷ್ಟ. ಅಕ್ಕ ಎರಡು ವಾರ ದಿನಾ ಬೆಳಿಗ್ಗೆ ಇವತ್ತು ಪೊರಕೆ ಕೈಗೆ ಬರುತ್ತದೆ ಎಂದು ಸಿದ್ಧಳಾಗಿಯೇ ಬಂದಳು. ಮೂರನೇ ವಾರ ಫೋರ್‌ಮನ್ ಕಿಟಕಿಗೆ ಒಂದು ಕಾಗದ ಅಂಟಿಸಿದರು: ಬದಲಿ ಬಿಟ್ ಕೊಟ್ಟರೆ ತೆಗೆದುಕೊಳ್ಳುವವರು ನೋಡಿ ರುಜು ಹಾಕತಕ್ಕದ್ದು. ಅದನ್ನು ಓದಿ ಅಕ್ಕ ಒಳಗೆ ಹೋಗಿ ಬಾಗಿಲ ಹಿಂದೆ ನಿಂತು ಅತ್ತಳಂತೆ. ತಾನು ಅಲ್ಲಿಯೇ ಇರುತ್ತೇನೆ ಎಂದು ಗೊತ್ತಾದದ್ದು ಆ ಕಾಗದದಿಂದ.

ಹೆದರಿಕೆ ಹೋಯಿತೇ ಎಂದು ಕೇಳಿದರೆ, ಇಲ್ಲ. ಹೊಸ ಸ್ಟ್ಯಾಂಡಿನಲ್ಲಿ ಪ್ರತಿ ತೂತಿನ ಕೆಳಗೂ ಅರವತ್ನಾಲ್ಕರ ಲೆಕ್ಕದ ಅಂಕಿಯನ್ನು ಬಿಳಿ ಪೇಂಟಿನಲ್ಲಿ ಬರೆದಳು. ಆದರೂ ಬಿಟ್ ಕೊಡುವ ಮುಂಚೆ ಎರಡು ಸಲ ನೋಡುವಳು, ಕೊಟ್ಟ ಮೇಲೆ ಕರೆದು ಮೂರನೇ ಸಲ ನೋಡುವಳು. ಸಾಲು ಉದ್ದವಾಗುತ್ತಿತ್ತು, ನಾವು ಗೊಣಗುತ್ತಿದ್ದೆವು. "ಗೊಣಗಿ," ಎನ್ನುತ್ತಿದ್ದಳು, "ನಿಮ್ಮ ಗೊಣಗಾಟ ಕೇಳಿ ಯಾರೂ ಸತ್ತಿಲ್ಲ."

ಆರು ವರ್ಷದ ಮೇಲೆ ವರ್ಕ್‌ಶಾಪಿಗೆ ಮಿಲಿಮೀಟರ್ ಬಿಟ್‌ಗಳು ಬಂದವು. ಇಂಚಿನ ಕೆಲಸ ಕಮ್ಮಿಯಾಯಿತು. ಬೈ ಇಲ್ಲ, ಮೇಲೆ ಕೆಳಗೆ ಇಲ್ಲ, ಎಲ್ಲ ಪಾಯಿಂಟಿನಲ್ಲಿ. ಇನ್ನು ಅಕ್ಕ ಆರಾಮ ಎಂದು ನಾವೆಲ್ಲ ಅಂದುಕೊಂಡೆವು. ಮೊದಲ ದಿನವೇ ನಾನು ಮೂರು ಪಾಯಿಂಟ್ ಎರಡರ ಬಿಟ್ ಕೇಳಿದೆ. ಅದು ಬೇರೆಯವರ ಕೈಯಲ್ಲಿತ್ತು. ಪೆಟ್ಟಿಗೆಯಲ್ಲಿ ಮೂರು ಪಾಯಿಂಟ್ ಹದಿನೈದರದ್ದು ಇತ್ತು. ಅವಳು ಅದನ್ನು ಕೈಯಲ್ಲಿ ಹಿಡಿದು ನಿಂತಳು.

"ಎರಡಕ್ಕಿಂತ ಹದಿನೈದು ದೊಡ್ಡದಲ್ವಾ," ಎಂದಳು ತನಗೆ ತಾನೇ. ತಕ್ಷಣ, "ತಡಿ ತಡಿ. ಇದರ ತುಂಡು ಬೇರೆ, ಅದರ ತುಂಡು ಬೇರೆ. ಎರಡು ಅಂದ್ರೆ ಹತ್ತರಲ್ಲಿ ಎರಡು. ಹದಿನೈದು ಅಂದ್ರೆ ನೂರರಲ್ಲಿ ಹದಿನೈದು," ಎಂದು ಸ್ಲೇಟು ತೆಗೆದುಕೊಂಡು, ಎರಡರ ಪಕ್ಕ ಒಂದು ಸೊನ್ನೆ ಬರೆದಳು. ಇಪ್ಪತ್ತು, ಹದಿನೈದು. ನನ್ನ ಹಿಂದೆ ಐದು ಜನ ಕಾಯುತ್ತಿದ್ದರು. ಅವಳು ಸ್ಲೇಟನ್ನು ನನ್ನ ಕಡೆ ತಿರುಗಿಸಿ, "ಇದು ಚಿಕ್ಕದೇ. ನೀನೂ ನೋಡಿ ಸೈನ್ ಹಾಕು," ಎಂದಳು.